ಟರ್ಬೊಗೆ ದುಡ್ಡು ಕಟ್ಟಿದ್ದೀರಿ, ಬಂದಿರುವುದು ಟರ್ಬೊನೇನಾ?

ನಮ್ಮ ಚಿಕ್ಕಪ್ಪನ ಮಗ ಕೆಲವು ವರ್ಷದ ಹಿಂದೆ ಕಾರು ತಗೊಂಡ. ಟರ್ಬೊ ಪೆಟ್ರೋಲೇ (ಗಾಳಿಯನ್ನು ಒತ್ತಿ ತುಂಬಿ ಎಂಜಿನ್ನಿನ ಶಕ್ತಿ ಹೆಚ್ಚಿಸೋದು) ಬೇಕು ಅಂತ ಆರು ತಿಂಗಳು ಎಲ್ಲರ ತಲೆ ತಿಂದು, ಮನೆಯಲ್ಲಿ ಒಪ್ಪಿಸಿ, ಕೊನೆಗೆ ಆಷಾಢದಲ್ಲಿ ಬುಕ್ ಮಾಡಿದ. ಶೋರೂಮಿನವರು ಹೇಳಿದ ಬೆಲೆ ಇವನು ಅಂದುಕೊಂಡಿದ್ದಕ್ಕಿಂತ ಹತ್ತಿರ ಹತ್ತಿರ ಒಂದು ಲಕ್ಷ ಕಮ್ಮಿ ಇತ್ತು. ಆಷಾಢದ ಡಿಸ್ಕೌಂಟ್ ಇರಬೇಕು ಅಂತ ಖುಷಿಪಟ್ಟ. ಶ್ರಾವಣದಲ್ಲಿ ಡೆಲಿವರಿ. ಹಾರ, ಕೇಕು, ರಟ್ಟಿನ ದೊಡ್ಡ ಕೀಲಿ ಹಿಡಿದು ಫೋಟೊ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು.

ಮುಂದಿನ ವಾರ ಚಾರ್ಮಾಡಿ ಘಾಟಿ ಹತ್ತುವಾಗ ಮುಂದಿದ್ದ ಕೆಂಪು ಬಸ್ಸನ್ನು ಹಿಂದೆ ಹಾಕಲಾಗದೆ ಒದ್ದಾಡಿದ. ಆಗ ಅನುಮಾನ ಬಂತು. ಊರಿಗೆ ಬಂದು ಬಾನೆಟ್ ಎತ್ತಿದರೆ ಟರ್ಬೊ ಇಲ್ಲ! ಸನ್‌ರೂಫ್ ಇದೆ, ದೊಡ್ಡ ಸ್ಕ್ರೀನ್ ಇದೆ, ಎಲ್ಲ ಟಾಪ್ ಎಂಡ್, ಎಂಜಿನ್ ಮಾತ್ರ ಮಾಮೂಲಿನದು. ಬುಕಿಂಗ್ ಫಾರಂ ತೆಗೆದು ನೋಡಿದೆವು. ಟ್ರಿಮ್ (ಯಾವ ಮಟ್ಟದ ಸೌಲಭ್ಯ ಅನ್ನೋದು) ಹೆಸರಿತ್ತು, ಬಣ್ಣ ಇತ್ತು, ಎಂಜಿನ್ ಯಾವುದು ಅಂತ ಒಂದಕ್ಷರ ಇರಲಿಲ್ಲ. ಇನ್‌ವಾಯ್ಸಿನಲ್ಲೂ ಹಾಗೇ. ಎಲ್ಲದರ ಕೆಳಗೂ ಇವನದೇ ಸಹಿ. ಆ ಒಂದು ಲಕ್ಷ ಡಿಸ್ಕೌಂಟ್ ಆಗಿರಲೇ ಇಲ್ಲ, ಟರ್ಬೊ ಇಲ್ಲದ ಕಾರಿನ ಬೆಲೆಯೇ ಅಷ್ಟು.

ಬಣ್ಣ ಬೇರೆ ಬಂದರೆ ಯಾರಿಗಾದರೂ ಕಾಣುತ್ತದೆ. ಎಂಜಿನ್ನು, ಗೇರ್‌ಬಾಕ್ಸು, ಬ್ರೇಕು, 4x4 ಇವು ಒಳಗಿರೋವು, ನೋಡೋದು ಗೊತ್ತಿಲ್ಲದಿದ್ದರೆ ಕಾಣುವುದಿಲ್ಲ. ಹಾಗಾಗಿ ಒಂದೊಂದಾಗಿ ನೋಡೋಣ.

ಶುರು ಬುಕಿಂಗ್ ಫಾರಂನಿಂದ

ನೀವು ಆರ್ಡರ್ ಮಾಡಿದ್ದೇನು ಅನ್ನೋದಕ್ಕೆ ಸಾಕ್ಷಿ ನಿಮ್ಮ ನೆನಪಲ್ಲ, ಸೇಲ್ಸ್ ಹುಡುಗ ಟೀ ಕುಡಿಯುತ್ತಾ ಹೇಳಿದ ಮಾತೂ ಅಲ್ಲ. ಫಾರಂನಲ್ಲಿ ಇರುವುದು ಮಾತ್ರ. ಅದರಲ್ಲಿ ನಾಲ್ಕು ವಿಷಯ ಬರೆಸಲೇಬೇಕು: ಟ್ರಿಮ್ ಹೆಸರು, ಎಂಜಿನ್ (ಎಷ್ಟು ಲೀಟರ್, ಎಷ್ಟು ಪಿಎಸ್ ಅಂದರೆ ಅಶ್ವಶಕ್ತಿ), ಗೇರ್‌ಬಾಕ್ಸ್ ಯಾವ ಬಗೆಯದು, ಮತ್ತೆ ಎರಡು ಚಕ್ರ ಎಳೆಯುತ್ತಾ ನಾಲ್ಕಾ. ಫಾರಂನಲ್ಲಿ ಜಾಗ ಇಲ್ಲ ಸರ್ ಅಂದರೆ ಪಕ್ಕದಲ್ಲಿ ಪೆನ್ನಿನಲ್ಲಿ ಬರೆಸಿ, ಅವರ ಸಹಿ ಹಾಕಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿಗಳಲ್ಲಿ ಪ್ರತಿ ವೇರಿಯಂಟಿಗೂ ಒಂದು ಕೋಡ್ ಇರುತ್ತದೆ. ಅದನ್ನೂ ಕೇಳಿ ಬರೆಸಿದರೆ ಇನ್ನೂ ಒಳ್ಳೆಯದು.

ಅದೇ ದಿನ ಕಂಪನಿಯ ವೆಬ್‌ಸೈಟಿನಿಂದ ಬ್ರೋಷರ್ ಇಳಿಸಿಕೊಂಡು, ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ತಾರೀಖು ದಾಖಲಾಗುತ್ತದೆ. ಇದು ಯಾಕೆ ಅಂದರೆ, ಬ್ರೋಷರ್ ಮಧ್ಯದಲ್ಲಿ ಬದಲಾಗುತ್ತದೆ. 2021-22ರಲ್ಲಿ ಚಿಪ್ ಕೊರತೆ ಬಂದಾಗ ದೇಶವಿದೇಶದ ಕಂಪನಿಗಳು ಒಂದೊಂದೇ ಸೌಲಭ್ಯ ತೆಗೆದು ಕಾರು ಕೊಟ್ಟವು. ಬ್ರೋಷರಿನ ಕೊನೆ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ 'ಮುನ್ಸೂಚನೆ ಇಲ್ಲದೆ ಬದಲಾಗಬಹುದು' ಅಂತ ಇರುತ್ತದಲ್ಲ, ಅದು ಸುಮ್ನೆ ಅಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಈ ತಲೆನೋವು ಸ್ವಲ್ಪ ಕಮ್ಮಿ. ಅಲ್ಲಿ 1958ರ ಕಾನೂನಿನ ಪ್ರಕಾರ ಪ್ರತಿ ಹೊಸ ಕಾರಿನ ಗಾಜಿಗೂ ಒಂದು ಚೀಟಿ ಅಂಟಿಸಬೇಕು. ಮನ್ರೋನಿ ಸ್ಟಿಕ್ಕರ್ ಅಂತಾರೆ. ಕಾರಿಗೆ ಫ್ಯಾಕ್ಟರಿಯಲ್ಲಿ ಯಾವ ಯಾವ ಆಪ್ಷನ್ ಹಾಕಿದ್ದಾರೆ, ಪ್ರತಿಯೊಂದಕ್ಕೆ ಎಷ್ಟು ಡಾಲರ್, ಎಲ್ಲ ಅದರಲ್ಲೇ ಇರುತ್ತದೆ. ನಮ್ಮಲ್ಲಿ ಅಂಥ ಚೀಟಿ ಇಲ್ಲ. ನಮ್ಮ ಚೀಟಿ ನಾವೇ ಮಾಡಿಕೊಳ್ಳಬೇಕು.

ಸಿಸಿ ನಂಬಬೇಡಿ

ನಮ್ಮ ಮನೆಗಳಲ್ಲಿ ಕಾರಿನ ಶಕ್ತಿ ಅಂದರೆ ಸಿಸಿ, ಅಂದರೆ ಎಂಜಿನ್ನಿನ ಗಾತ್ರ. ಅಪ್ಪ ಕೇಳೋದೇ 'ಎಷ್ಟು ಸಿಸಿ?' ಅಂತ. ಈಗಿನ ಕಾರುಗಳಲ್ಲಿ ಆ ಲೆಕ್ಕ ಕೈಕೊಡುತ್ತದೆ.

ಮಾರುತಿ ಫ್ರಾಂಕ್ಸ್ ನೋಡಿ. 1.2 ಲೀಟರ್ ಎಂಜಿನ್ನು 1197 ಸಿಸಿ, ಕೊಡೋದು ಸುಮಾರು 90 ಪಿಎಸ್. ಟರ್ಬೊ ಇರೋದು 998 ಸಿಸಿ, ಕೊಡೋದು 100 ಪಿಎಸ್. ಟಾರ್ಕಿನಲ್ಲಿ, ಅಂದರೆ ಎಳೆಯುವ ಬಲದಲ್ಲಿ, ವ್ಯತ್ಯಾಸ ಇನ್ನೂ ಜಾಸ್ತಿ. ಇನ್‌ವಾಯ್ಸಿನಲ್ಲಿ 1197 ಅಂತ ಕಂಡು 'ಪರವಾಗಿಲ್ಲ, ದೊಡ್ಡದೇ ಕೊಟ್ಟಿದ್ದಾರೆ' ಅಂದುಕೊಂಡರೆ ಕೆಟ್ಟಿರಿ.

ಇದಕ್ಕಿಂತ ಕಷ್ಟದ್ದು ಸಿಸಿ ಒಂದೇ ಇದ್ದು ಶಕ್ತಿ ಬೇರೆ ಇರೋದು. ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒದಲ್ಲಿ ಎರಡು ಟರ್ಬೊ ಪೆಟ್ರೋಲ್ ಎಂಜಿನ್ನುಗಳಿವೆ. ಎರಡೂ 1.2 ಲೀಟರ್, ಎರಡೂ ಮೂರು ಸಿಲಿಂಡರ್. ಒಂದು 111 ಪಿಎಸ್. ಇನ್ನೊಂದು, ಟಿಜಿಡಿಐ ಅಂತ ಕರೆಯೋದು, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತದೆ, 130 ಪಿಎಸ್. 2021ರಲ್ಲಿ ಬಂದ ಎಕ್ಸ್‌ಯುವಿ700 ಡೀಸೆಲ್ಲಿನಲ್ಲೂ ಹೀಗೇ: ಎಂಎಕ್ಸ್ ಟ್ರಿಮ್ಮಿನಲ್ಲಿ 155 ಪಿಎಸ್, ಎಎಕ್ಸ್ ಟ್ರಿಮ್ಮುಗಳಲ್ಲಿ 185 ಪಿಎಸ್, ಎರಡೂ 2.2 ಲೀಟರ್. ಸ್ಕಾರ್ಪಿಯೊ-ಎನ್ ಡೀಸೆಲ್ಲಿನಲ್ಲಿ ಕೆಳಗಿನ ಟ್ರಿಮ್ಮುಗಳಿಗೆ 132 ಪಿಎಸ್, ಮೇಲಿನವಕ್ಕೆ 175. ಇಂಥ ಕಡೆ ಸಿಸಿ ನೋಡಿ ಏನೂ ಗೊತ್ತಾಗುವುದಿಲ್ಲ. ಪಿಎಸ್ ಅಥವಾ ಕಿಲೋವ್ಯಾಟ್ ಎಷ್ಟು ಅಂತ ಕೇಳಬೇಕು, ಕಾಗದದಲ್ಲಿ ಅದನ್ನೇ ಹುಡುಕಬೇಕು. ಒಂದು ಪಿಎಸ್ ಅಂದರೆ ಸುಮಾರು 0.735 ಕಿಲೋವ್ಯಾಟ್. ಫೋನಿನ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ನೋಡಿ, ಅಷ್ಟೇ.

ಸಿಸಿ ಬೇರೆ ಬೇರೆ ಇರುವ ಕಾರುಗಳಲ್ಲಿ ಕೆಲಸ ಸುಲಭ. ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್‌ಗಳಲ್ಲಿ 1.0 ಟಿಎಸ್‌ಐ (ಅವರ ಟರ್ಬೊ ಪೆಟ್ರೋಲ್ ಎಂಜಿನ್ನಿನ ಹೆಸರು) ಮೂರು ಸಿಲಿಂಡರ್, 115 ಪಿಎಸ್. 1.5 ಟಿಎಸ್‌ಐ ನಾಲ್ಕು ಸಿಲಿಂಡರ್, 150 ಪಿಎಸ್. ಕಾಗದದಲ್ಲಿ ಸಿಲಿಂಡರ್ ಸಂಖ್ಯೆ ನೋಡಿದರೆ ಮುಗಿಯಿತು.

ಯಾರ್ಡಿಗೆ ಹೋಗಿ, ರಿಜಿಸ್ಟ್ರೇಷನ್‌ಗಿಂತ ಮುಂಚೆ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಕಾರಿಗೆ ನಂಬರ್ ಬೀಳುವ ಮುಂಚೆ ಅದನ್ನು ನೋಡಬೇಕು. ನಂಬರ್ ಬಿದ್ದ ಮೇಲೆ ಅದು ನಿಮ್ಮ ಹೆಸರಿನ ಕಾರು. ಕರ್ನಾಟಕದಲ್ಲಿ ಆಜೀವ ತೆರಿಗೆ ಒಟ್ಟಿಗೇ ಕಟ್ಟಬೇಕಲ್ಲ, 10ರಿಂದ 20 ಲಕ್ಷದ ಪೆಟ್ರೋಲ್-ಡೀಸೆಲ್ ಕಾರಿಗೆ ಶೇ 17, ಅದರ ಮೇಲೆ ಸೆಸ್ ಬೇರೆ. ಅಷ್ಟೆಲ್ಲ ಕಟ್ಟಿ ಆದ ಮೇಲೆ ಡೀಲರ್ ವಾಪಸ್ ತಗೊಂಡರೆ ಅವರ ಕೈಯಲ್ಲಿ ಉಳಿಯೋದು ಸೆಕೆಂಡ್ ಹ್ಯಾಂಡ್ ಕಾರು. ಅದಕ್ಕೇ ಯಾರೂ ಒಪ್ಪೋದಿಲ್ಲ.

ಹಾಗಾಗಿ ಕಾರು ಬಂದಿದೆ ಅಂತ ಫೋನ್ ಬಂದ ತಕ್ಷಣ ಹೇಳಬೇಕಾದ್ದು: 'ನಾನು ಪಿಡಿಐ ಮಾಡಬೇಕು, ಅದಾದ ಮೇಲೆ ಇನ್‌ವಾಯ್ಸ್ ಹಾಕಿ.' ಪಿಡಿಐ ಅಂದರೆ ಡೆಲಿವರಿಗೆ ಮುಂಚಿನ ತಪಾಸಣೆ, ಶೋರೂಮಿನವರಿಗೆಲ್ಲ ಗೊತ್ತಿರೋ ಪದ. ಲೋನ್ ಇದ್ದರೆ ಬ್ಯಾಂಕಿನವರಿಗೂ ಒಂದು ಮಾತು ಹೇಳಿ, ಪಿಡಿಐ ಆಗೋವರೆಗೆ ಡೀಲರಿಗೆ ದುಡ್ಡು ಬಿಡಬೇಡಿ ಅಂತ. ದುಡ್ಡು ನಿಮ್ಮ ಕಡೆ ಇರುವವರೆಗೂ ಎಲ್ಲರೂ ಫೋನ್ ಎತ್ತುತ್ತಾರೆ.

ದಸರಾ, ಯುಗಾದಿ, ಅಕ್ಷಯ ತೃತೀಯದ ಹಿಂದಿನ ದಿನ ಹೋಗಬೇಡಿ. ಆಯುಧಪೂಜೆಗೆ ಕಾರು ಮನೆಗೆ ಬರಲೇಬೇಕು ಅಂತ ನೂರು ಜನ ಶೋರೂಮಿನವರ ತಲೆ ಮೇಲೆ ಕೂತಿರುತ್ತಾರೆ, ಯಾರಿಗೂ ನಿಮ್ಮ ಕಾರಿನ ಬಾನೆಟ್ ಎತ್ತಿ ಹಿಡಿಯುವಷ್ಟು ಪುರುಸೊತ್ತು ಇರೋದಿಲ್ಲ. ಒಂದು ವಾರ ಮುಂಚೆ, ಬೆಳಗ್ಗೆ ಹೊತ್ತು, ಬಿಸಿಲಿನಲ್ಲಿ ಹೋಗಿ. ಟಾರ್ಚ್, ಬ್ರೋಷರಿನ ಪ್ರಿಂಟು, ಬುಕಿಂಗ್ ಫಾರಂ, ಒಂದು ಹಳೆ ಬಟ್ಟೆ (ನೆಲದ ಮೇಲೆ ಮಂಡಿಯೂರಿ ಬಗ್ಗಬೇಕಾಗುತ್ತದೆ), ಇಷ್ಟು ಸಾಕು.

ಚಾಸಿ ನಂಬರ್ ಏನು ಹೇಳುತ್ತದೆ

ಮೊದಲು 17 ಅಕ್ಷರದ ಚಾಸಿ ನಂಬರ್. ಮುಂದಿನ ಗಾಜಿನ ಕೆಳಮೂಲೆಯಲ್ಲೋ, ಬಾಗಿಲ ಕಂಬದ ಪ್ಲೇಟಿನಲ್ಲೋ, ಕೆಲವದರಲ್ಲಿ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ಟಿನ ಮುಚ್ಚಳ ಎತ್ತಿದರೋ ಸಿಗುತ್ತದೆ. ಮೊದಲ ಮೂರು ಅಕ್ಷರ ತಯಾರಕರದು: ಎಂಎ3 ಅಂದರೆ ಮಾರುತಿ, ಎಂಎಎಲ್ ಹ್ಯುಂಡೈ, ಎಂಎಟಿ ಟಾಟಾ, ಎಂಎ1 ಮಹೀಂದ್ರಾ, ಎಂಬಿಜೆ ನಮ್ಮ ಬಿಡದಿಯ ಟೊಯೊಟಾ. ನಾಲ್ಕರಿಂದ ಒಂಬತ್ತನೆಯವರೆಗಿನ ಅಕ್ಷರಗಳಲ್ಲಿ ಮಾಡೆಲ್ಲು, ಬಾಡಿ, ಎಂಜಿನ್ನಿನ ವಿವರ ಅಡಗಿರುತ್ತದೆ, ಆದರೆ ಒಂದೊಂದು ಕಂಪನಿಯದು ಒಂದೊಂದು ಲಿಪಿ. ಇಂಟರ್ನೆಟ್ಟಿನಲ್ಲಿ ಸಿಗುವ ಬಿಟ್ಟಿ ಡಿಕೋಡರುಗಳನ್ನು ನಂಬಿ ಜಗಳಕ್ಕೆ ಹೋಗಬೇಡಿ, ಅವುಗಳಲ್ಲಿ ಬಹಳಷ್ಟು ಅಮೆರಿಕ, ಯುರೋಪಿನ ಕಾರುಗಳಿಗೆ ಮಾಡಿದವು.

ಅದರ ಬದಲು ಶೋರೂಮಿನವರನ್ನೇ ಕೇಳಿ. ಅವರ ಕಂಪ್ಯೂಟರಿನಲ್ಲಿ ಚಾಸಿ ನಂಬರ್ ಹಾಕಿದರೆ ಆ ಕಾರು ಫ್ಯಾಕ್ಟರಿಯಿಂದ ಯಾವ ವೇರಿಯಂಟ್ ಕೋಡಿನಲ್ಲಿ, ಯಾವ ಬಣ್ಣದಲ್ಲಿ, ಯಾವ ತಿಂಗಳು ಬಂದಿದೆ ಅಂತ ತೋರಿಸುತ್ತದೆ. ಆ ಸ್ಕ್ರೀನನ್ನು ನಿಮ್ಮ ಕಣ್ಣಾರೆ ನೋಡಿ. ಪ್ರಿಂಟ್ ಕೊಟ್ಟರೆ ಒಳ್ಳೇದು, ಇಲ್ಲದಿದ್ದರೆ ಫೋಟೊ. 'ಸಿಸ್ಟಂ ಡೌನ್ ಇದೆ ಸರ್' ಅಂದರೆ ಕೂತು ಕಾಯಿರಿ. ನಾನಂತೂ ಒಂದು ಸಲ ಎರಡು ಕಾಫಿ ಕುಡಿಯೋವರೆಗೆ ಕಾದಿದ್ದೇನೆ, ಸಿಸ್ಟಂ ತಾನಾಗೇ ಮೇಲೆ ಬಂತು.

ಆಮೇಲೆ ಕಾಗದ. ಫಾರಂ 21 ಅಂತ ಒಂದಿದೆ, ಮಾರಾಟದ ಪ್ರಮಾಣಪತ್ರ. ಯಾರೂ ಓದದ ಕಾಗದ, ಆದರೆ ನಮಗೆ ಬೇಕಾದ್ದೆಲ್ಲ ಅದರಲ್ಲೇ ಇದೆ: ಚಾಸಿ ನಂಬರು, ಎಂಜಿನ್ ನಂಬರು, ಅಶ್ವಶಕ್ತಿ ಅಥವಾ ಸಿಸಿ, ಸಿಲಿಂಡರ್ ಎಷ್ಟು, ತಯಾರಾದ ತಿಂಗಳು ಮತ್ತು ವರ್ಷ, ಖಾಲಿ ಕಾರಿನ ತೂಕ. ತೂಕಾನೂ ಸುಳಿವು ಕೊಡುತ್ತದೆ, 4x4 ಕಾರು ಅದೇ ಕಾರಿನ ಎರಡು ಚಕ್ರದ ಅವತಾರಕ್ಕಿಂತ ಭಾರ ಇರುತ್ತದೆ. ಫಾರಂ 22ರಲ್ಲಿ ಹೊಗೆ, ಸದ್ದಿನ ಲೆಕ್ಕ ಇರುತ್ತದೆ. ಅದರಲ್ಲಿರುವ ಚಾಸಿ, ಎಂಜಿನ್ ನಂಬರ್ ಕಾರಿನ ಮೇಲೆ ಕೊರೆದಿರುವುದಕ್ಕೆ ಹೊಂದಬೇಕು. ಇನ್ಶೂರೆನ್ಸ್ ಪಾಲಿಸಿಯಲ್ಲೂ ವೇರಿಯಂಟ್ ಹೆಸರು ಪೂರ್ತಿ ಇದೆಯಾ ನೋಡಿ, ಕ್ಲೇಮ್ ಹೊತ್ತಿಗೆ ಬೇಕಾಗೋದು ಅದೇ.

ಬ್ಯಾಡ್ಜ್ ಬಿಡಿ, ಬಾನೆಟ್ ಎತ್ತಿ

ಹಿಂದಿನ ಡಿಕ್ಕಿ ಬಾಗಿಲ ಮೇಲೆ ಟರ್ಬೊ ಅಂತ ಅಂಟಿಸಿರುವುದು ಪ್ಲಾಸ್ಟಿಕ್ ಅಕ್ಷರ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಬೇಕಾದ ಬ್ಯಾಡ್ಜ್ ಸಿಗುತ್ತದೆ. ಡೀಲರ್ ಬೇಕಂತ ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ, ಹೆಚ್ಚಿನ ಸಲ ಆಗೋದು ಗಡಿಬಿಡಿ. ಆದರೂ ಬ್ಯಾಡ್ಜನ್ನು ಸಾಕ್ಷಿ ಅಂತ ಹಿಡಿಯೋದು ಬೇಡ.

ಟರ್ಬೊ ಇರುವ ಕಾರಿನಲ್ಲಿ ಸಾಮಾನ್ಯವಾಗಿ ಇಂಟರ್‌ಕೂಲರ್ ಇರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ ಗಾಳಿ ಬಿಸಿಯಾಗುತ್ತದೆ, ಅದನ್ನು ತಣ್ಣಗೆ ಮಾಡೋದು ಇದರ ಕೆಲಸ. ಹಲವು ಕಾರುಗಳಲ್ಲಿ ಅದು ರೇಡಿಯೇಟರಿನ ಮುಂದೆ, ಕೆಳಗಿನ ಜಾಲರಿಯ ಹಿಂದೆ, ಸಣ್ಣ ರೇಡಿಯೇಟರಿನ ಹಾಗೇ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿ. ಬಾನೆಟ್ ಎತ್ತಿದರೆ ಏರ್‌ಫಿಲ್ಟರಿನಿಂದ ಎಂಜಿನ್ನಿಗೆ ನೇರ ಹೋಗುವ ಒಂದೇ ಪೈಪಿನ ಬದಲು, ಕೈಗಾತ್ರದ ಎರಡು ಮೂರು ದಪ್ಪ ಪೈಪು ಕೆಳಗಿಳಿದು ಮೇಲೆ ಬಂದಿರುತ್ತವೆ. ಟಿಎಸ್‌ಐಯಂಥ ಕೆಲವು ಎಂಜಿನ್ನುಗಳಲ್ಲಿ ನೀರಿನಿಂದ ತಣ್ಣಗಾಗುವ ಇಂಟರ್‌ಕೂಲರ್ ಎಂಜಿನ್ನಿನ ಪಕ್ಕದಲ್ಲೇ ಕೂತಿರುತ್ತದೆ, ಮುಂದೆ ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಎಂಜಿನ್ ಮುಚ್ಚಳದ ಮೇಲಿನ ಬರಹ ನೋಡಬಹುದು, ಆದರೆ ಅದೂ ಪ್ಲಾಸ್ಟಿಕ್ಕೇ. ಎಂಜಿನ್ ಬ್ಲಾಕಿನ ಮೇಲೆ ಕೊರೆದಿರುವ ನಂಬರೇ ಕೊನೆ ಮಾತು. ಉದಾಹರಣೆಗೆ ಮಾರುತಿಯ 1.0 ಟರ್ಬೊ ಎಂಜಿನ್ ಕುಟುಂಬದ ಹೆಸರು ಕೆ10ಸಿ. ಅಂಥ ಕೋಡ್ ನಿಮ್ಮ ಕಾರಿನದು ಯಾವುದು ಅಂತ ಮೊದಲೇ ತಿಳಿದುಕೊಂಡು ಹೋಗಿ.

ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂರಿ

ಇಲ್ಲಿ ಮೂರು ವಿಷಯ ಒಟ್ಟಿಗೆ ಸಿಗುತ್ತವೆ.

ಅಲಾಯ್ ಕಡ್ಡಿಗಳ ಸಂದಿಯಿಂದ ಹಿಂದಿನ ಚಕ್ರದ ಒಳಗೆ ನೋಡಿ. ಹೊಳೆಯುವ ತಟ್ಟೆ, ಅದನ್ನು ಕಚ್ಚಿಕೊಂಡ ಕ್ಯಾಲಿಪರ್ ಕಂಡರೆ ಡಿಸ್ಕ್. ಕಪ್ಪು ಡಬ್ಬಿ ಕಂಡರೆ ಡ್ರಮ್. ಶಕ್ತಿ ಜಾಸ್ತಿ ಇರುವ ವೇರಿಯಂಟಿಗೆ ಹಿಂದೆಯೂ ಡಿಸ್ಕ್ ಇದ್ದೇ ಇರುತ್ತದೆ ಅಂತ ಬಹಳ ಜನ ತಾವಾಗೇ ಅಂದುಕೊಳ್ಳುತ್ತಾರೆ. ಕುಶಾಕ್, ಟೈಗುನ್ 2021ರಲ್ಲಿ ಬಂದಾಗ 150 ಪಿಎಸ್ಸಿನ 1.5ರಲ್ಲೂ ಹಿಂದೆ ಡ್ರಮ್ಮೇ ಇತ್ತು. ಅದು ಬ್ರೋಷರಿನಲ್ಲೇ ಇತ್ತು, ಮೋಸ ಏನಿಲ್ಲ, ನೋಡದೆ ತಗೊಂಡು ಆಮೇಲೆ ಗೊಣಗಿದವರೇ ಜಾಸ್ತಿ. ಕೆಂಪು ಕ್ಯಾಲಿಪರ್ ಬಗ್ಗೆ ಒಂದು ಎಚ್ಚರಿಕೆ: ಕೆಂಪು ಪ್ಲಾಸ್ಟಿಕ್ ಟೊಪ್ಪಿಗೆಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಬೆರಳಿಂದ ತಟ್ಟಿದರೆ ಟಕ್ ಟಕ್ ಅಂತ ಟೊಳ್ಳು ಸದ್ದು ಬರುತ್ತದೆ.

ಎರಡನೇದು ಟೈರಿನ ಅಳತೆ. 215/60 ಆರ್17 96ಎಚ್ ಅಂತ ಇದ್ದರೆ, 215 ಮಿಲಿಮೀಟರ್ ಅಗಲ, ಎತ್ತರ ಅಗಲದ ಶೇ 60, ರಿಮ್ಮು 17 ಇಂಚು, 96 ಅಂದರೆ ಒಂದು ಟೈರು 710 ಕೆಜಿ ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಡೆಯುತ್ತದೆ. ವಿ ಇದ್ದರೆ 240. ನಿಮ್ಮ ವೇರಿಯಂಟಿಗೆ ಯಾವ ಅಳತೆ ಅಂತ ಡ್ರೈವರ್ ಬಾಗಿಲ ಹತ್ತಿರದ ಗಾಳಿ ಒತ್ತಡದ ಸ್ಟಿಕ್ಕರಿನಲ್ಲಿ ಇರುತ್ತದೆ. ಹ್ಯುಂಡೈ ಕ್ರೆಟಾ ಎನ್ ಲೈನ್ ತಗೊಂಡವರಿಗೆ 18 ಇಂಚಿನ ಅಲಾಯ್ ಬರಬೇಕು, ಮಾಮೂಲಿ ಕ್ರೆಟಾದ್ದು 17. ಸ್ಟೆಪ್ನಿ ಮಾತ್ರ ಸಣ್ಣದಿದ್ದರೆ ಅದು ಸಹಜ.

ಮೂರನೇದು ಟೈರಿನ ವಯಸ್ಸು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3525 ಅಂದರೆ 2025ರ 35ನೇ ವಾರ. ನಾಲ್ಕು ಟೈರೂ ಸ್ವಲ್ಪ ಹೆಚ್ಚು ಕಮ್ಮಿ ಒಂದೇ ಕಾಲದವಾಗಿರಬೇಕು. ಒಂದು ಮಾತ್ರ ತೀರಾ ಬೇರೆ ಇದ್ದರೆ ಯಾಕೆ ಅಂತ ಕೇಳಿ.

ಇನ್ನೊಂದು. ಅಲಾಯ್ ಕಾರಿನ ಇನ್‌ವಾಯ್ಸಿನಲ್ಲಿ ಸೇರಿದೆಯಾ, ಇಲ್ಲ ಬೇರೆ ಆಕ್ಸೆಸರಿ ಬಿಲ್ಲಿನಲ್ಲಿದೆಯಾ? ಬೇರೆ ಬಿಲ್ಲಿನಲ್ಲಿದ್ದರೆ ಅದು ಫ್ಯಾಕ್ಟರಿಯಿಂದ ಬಂದದ್ದಲ್ಲ, ಶೋರೂಮಿನವರು ಇಲ್ಲಿ ಹಾಕಿದ್ದು. ಸೈಲೆನ್ಸರಿನ ಜೋಡಿ ಬಾಯಿಗೂ ಇದೇ ಮಾತು.

4x4 ಅಂತ ಬರೆದರೆ 4x4 ಆಗುವುದಿಲ್ಲ

ಸಕಲೇಶಪುರ, ಕೊಡಗಿನ ಕಡೆ ಎಸ್ಟೇಟ್ ಇರುವವರಿಗೆ ಇದು ಷೋಕಿಗಲ್ಲ, ಮಳೆಗಾಲದಲ್ಲಿ ಮನೆ ಸೇರಲು ಬೇಕಾದ್ದು. ಮಹೀಂದ್ರಾ ಥಾರ್ 2020ರಲ್ಲಿ ಹೊಸ ರೂಪದಲ್ಲಿ ಬಂದಾಗ 4x4 ಮಾತ್ರ ಇತ್ತು. 2023ರ ಜನವರಿಯಲ್ಲಿ ಹಿಂದಿನ ಚಕ್ರ ಮಾತ್ರ ತಿರುಗುವ ಥಾರ್ ಬಂತು. ದೂರದಿಂದ ಎರಡೂ ಒಂದೇ. ಹಿಂದಿನ ಚಕ್ರದ ಥಾರಿನ ಡೀಸೆಲ್ ಎಂಜಿನ್ 1.5 ಲೀಟರ್, 4x4 ಡೀಸೆಲ್ 2.2 ಲೀಟರ್. ಆದರೆ 2.0 ಲೀಟರ್ ಪೆಟ್ರೋಲ್ ಎಂಜಿನ್ ಎರಡರಲ್ಲೂ ಇದೆ, ಅಲ್ಲಿ ಎಂಜಿನ್ ನೋಡಿ ಹೇಳಲಾಗದು. ಗೇರ್ ಪಕ್ಕದಲ್ಲಿ 2ಎಚ್, 4ಎಚ್, ಎನ್, 4ಎಲ್ ಅಂತ ಬರೆದ ಎರಡನೇ ಸಣ್ಣ ಲಿವರ್ ಇರಬೇಕು. ಆಮೇಲೆ ಬಟ್ಟೆ ಹಾಸಿ ಮುಂದಿನಿಂದ ಬಗ್ಗಿ ನೋಡಿ, ಮುಂದಿನ ಚಕ್ರಗಳ ಮಧ್ಯೆ ಡಿಫರೆನ್ಷಿಯಲ್ಲಿನ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರು) ಗುಂಡು, ಅದರಿಂದ ಎರಡೂ ಕಡೆ ಹೋಗುವ ಆಕ್ಸಲ್ ಕಾಣಬೇಕು.

ಲಾಕಿಂಗ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದರೂ ಇನ್ನೊಂದನ್ನು ತಿರುಗಿಸೋದು) ಬೇಕು ಅಂತ ಹೆಚ್ಚು ದುಡ್ಡು ಕೊಟ್ಟಿದ್ದರೆ ಅದು ಕೇಸಿಂಗಿನ ಒಳಗಿರುವ ವಸ್ತು. ಬಗ್ಗಿ ನೋಡಿದರೂ ಕಾಣದು, ತಾನಾಗೇ ಕಚ್ಚಿಕೊಳ್ಳುವ ಬಗೆಯದಾದರೆ ಸ್ವಿಚ್ಚೂ ಇರುವುದಿಲ್ಲ. ಅದಕ್ಕೆ ವೇರಿಯಂಟ್ ಕೋಡೇ ಸಾಕ್ಷಿ. ಬ್ರೇಕ್ ಹಿಡಿದು ಲಾಕಿನ ಕೆಲಸ ಮಾಡುವ ಎಲೆಕ್ಟ್ರಾನಿಕ್ ಬಗೆಯದೂ ಇದೆ, ಸೇಲ್ಸಿನವರು ಎರಡನ್ನೂ ಒಂದೇ ಹೆಸರಲ್ಲಿ ಕರೆದುಬಿಡುತ್ತಾರೆ. ಯಾವುದು ಅಂತ ಬರವಣಿಗೆಯಲ್ಲಿ ತಗೊಳ್ಳಿ.

ಟ್ರಾಕ್ಷನ್ ಮೋಡ್ ಅಂತ ಸ್ನೋ, ಮಡ್, ಸ್ಯಾಂಡ್ ಬಟನ್ ಕೊಟ್ಟಿರುವ ಎಷ್ಟೋ ಕಾರುಗಳು ಮುಂದಿನ ಎರಡೇ ಚಕ್ರ ತಿರುಗಿಸೋವು. ಅದು ಕೆಟ್ಟದ್ದಲ್ಲ, ಆದರೆ 4x4 ಅಲ್ಲ.

ಗೇರ್, ಮೋಡ್, ಪ್ಯಾಡಲ್

ಆಟೊಮ್ಯಾಟಿಕ್ ಅಂದರೆ ಒಂದೇ ಅಲ್ಲ. ಕ್ರೆಟಾದಲ್ಲಿ 1.5 ಮಾಮೂಲಿ ಪೆಟ್ರೋಲಿಗೆ ಗೇರಿನ ಹಂತಗಳಿಲ್ಲದ ಐವಿಟಿ, 160 ಪಿಎಸ್ಸಿನ ಟರ್ಬೊಗೆ ಎರಡು ಕ್ಲಚ್ಚಿನ, ಏಳು ಗೇರಿನ ಡಿಸಿಟಿ, ಡೀಸೆಲ್ಲಿಗೆ ಆರು ಗೇರಿನ ಟಾರ್ಕ್ ಕನ್ವರ್ಟರ್. ಗೇರ್ ಹಿಡಿ ನೋಡಿ ವ್ಯತ್ಯಾಸ ಹೇಳೋದು ಕಷ್ಟ. ಕುಶಾಕ್‌ನಲ್ಲೂ 1.0 ಮತ್ತು 1.5ರ ಆಟೊಮ್ಯಾಟಿಕ್ ಬೇರೆ ಬೇರೆ ಬಗೆಯವು. ಎಂಜಿನ್ ಸರಿ ಇದ್ದರೆ ಇಂಥ ಕಾರುಗಳಲ್ಲಿ ಗೇರ್‌ಬಾಕ್ಸೂ ಸರಿ ಇರುತ್ತದೆ.

ಸ್ಟೀರಿಂಗ್ ಹಿಂದಿನ, ಗೇರ್ ಬದಲಿಸುವ ಪ್ಯಾಡಲ್, ಡ್ರೈವ್ ಮೋಡ್ ಬಟನ್ ಇವನ್ನೆಲ್ಲ ಒತ್ತಿ ನೋಡಿ, ಮೀಟರಿನಲ್ಲಿ ಇಕೊ, ನಾರ್ಮಲ್, ಸ್ಪೋರ್ಟ್ ಅಂತ ಬದಲಾಗಬೇಕು. ಏನೂ ಬರೆಯದ ಖಾಲಿ ಬಟನ್ ಜಾಸ್ತಿ ಕಂಡರೆ ನಿಮ್ಮದು ಕೆಳಗಿನ ಟ್ರಿಮ್ ಇರಬಹುದು, ಬ್ರೋಷರ್ ಜೊತೆ ಇಟ್ಟು ನೋಡಿ.

ಎಲೆಕ್ಟ್ರಿಕ್ ಆದರೆ

ಇಲ್ಲಿ ಬಾನೆಟ್ ಎತ್ತಿ ಪ್ರಯೋಜನವಿಲ್ಲ. ಮಹೀಂದ್ರಾ ಬಿಇ 6ನಲ್ಲಿ 59 ಕಿಲೋವ್ಯಾಟ್‌ಅವರ್ ಬ್ಯಾಟರಿಗೆ 231 ಪಿಎಸ್, 79ಕ್ಕೆ 286 ಪಿಎಸ್, ನೋಡೋಕೆ ಅದೇ ಕಾರು. ಟಾಟಾ ಹ್ಯಾರಿಯರ್ ಇವಿಯಲ್ಲಿ ಎರಡು ಮೋಟರಿನ ಕ್ಯೂಡಬ್ಲ್ಯುಡಿ (ನಾಲ್ಕೂ ಚಕ್ರ ತಿರುಗಿಸೋದು) ಬೇಕಿದ್ದರೆ ಅದು 75 ಕಿಲೋವ್ಯಾಟ್‌ಅವರ್ ಬ್ಯಾಟರಿಯ ಜೊತೆ ಮಾತ್ರ ಬರುತ್ತದೆ. ನಿಮ್ಮ ಕಾಗದದಲ್ಲಿ 65 ಅಂತಿದ್ದರೆ ಅಲ್ಲೇ ಗೊತ್ತಾಯಿತು. ಚಾರ್ಜ್ ಶೇ 100 ಇರುವಾಗ ಮೀಟರ್ ತೋರಿಸುವ ಕಿಲೋಮೀಟರನ್ನು ಸಾಕ್ಷಿ ಅಂತ ಹಿಡಿಯಬೇಡಿ, ಅದು ಹಿಂದೆ ಓಡಿಸಿದ ರೀತಿ ನೋಡಿಕೊಂಡು ಏರುಪೇರಾಗುತ್ತದೆ.

ಹೊರದೇಶಗಳಲ್ಲಿ ಇನ್ನೊಂದು ತಮಾಷೆ ಶುರುವಾಗಿದೆ. 2022ರಲ್ಲಿ ಮರ್ಸಿಡಿಸ್ ಅಮೆರಿಕದಲ್ಲಿ ತನ್ನ ಇಕ್ಯೂ ಕಾರುಗಳು ಇನ್ನೂ ಬೇಗ ವೇಗ ಪಡೆಯಲು ವರ್ಷಕ್ಕೆ 1,200 ಡಾಲರ್ ಚಂದಾ ಇಟ್ಟಿತು. ಮೋಟರ್ ಅದೇ, ಬೀಗ ಸಾಫ್ಟ್‌ವೇರಿನದು. ಅಂಥ ಕಾರು ಕೊಳ್ಳುವವರು ಶಕ್ತಿ ಶಾಶ್ವತವಾಗಿ ಬಂದಿದೆಯಾ, ಬಾಡಿಗೆಗೆ ಬಂದಿದೆಯಾ ಅಂತಲೂ ಕೇಳಬೇಕು.

ಓಡಿಸಿ ನೋಡೋದು, ಆದರೆ ಮೆಲ್ಲಗೆ

ನಂಬರ್ ಇಲ್ಲದ ಕಾರನ್ನು ನೀವು ರಸ್ತೆಗೆ ಇಳಿಸುವ ಹಾಗಿಲ್ಲ. ಯಾರ್ಡಿನ ಒಳಗೆ ಒಂದು ಸುತ್ತು, ಇಲ್ಲ ಅವರ ಟ್ರೇಡ್ ಪ್ಲೇಟ್ (ಡೀಲರಿಗೆಂದೇ ಕೊಟ್ಟಿರುವ ನಂಬರ್) ಹಾಕಿ ಅವರವರೇ ಓಡಿಸುವಾಗ ಪಕ್ಕದಲ್ಲಿ ಕೂತು ನೋಡೋದು. ಹೊಸ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಜೋರಾಗಿ ಎಳೆಯಬೇಡಿ ಅಂತ ಮ್ಯಾನ್ಯುಯಲ್ಲಿನಲ್ಲೇ ಸಾಮಾನ್ಯವಾಗಿ ಇರುತ್ತದೆ, ಹಾಗಾಗಿ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಅಳೆಯಲು ಹೋಗಬೇಡಿ.

ಅದರ ಅಗತ್ಯವೂ ಇಲ್ಲ. ಟರ್ಬೊದ ಗುಣ ಕೆಳಗಿನ ಆರ್‌ಪಿಎಂನಲ್ಲೇ ಗೊತ್ತಾಗುತ್ತದೆ. ಕ್ರೆಟಾದ 1.5 ಟರ್ಬೊ 253 ಎನ್ಎಂ ಟಾರ್ಕನ್ನು 1500 ಆರ್‌ಪಿಎಂನಿಂದಲೇ ಕೊಡುತ್ತದೆ, ಟರ್ಬೊ ಇಲ್ಲದ 1.5 ಕೊಡೋದು 144 ಎನ್ಎಂ, ಅದೂ 4500ರಲ್ಲಿ. ಅಂದರೆ ಮೂರನೇ ಗೇರಿನಲ್ಲಿ ಮೆಲ್ಲಗೆ ಹೋಗುತ್ತಿರುವಾಗ ಆಕ್ಸಿಲರೇಟರ್ ಅರ್ಧ ಒತ್ತಿದರೆ, 2000 ಆರ್‌ಪಿಎಂ ಹತ್ತಿರ ಬೆನ್ನು ಸೀಟಿಗೆ ಒರಗಿದ ಹಾಗಾದರೆ ಟರ್ಬೊ. ಸದ್ದು ಮಾತ್ರ ಏರಿ, ವೇಗ ನಿಧಾನಕ್ಕೆ ಒಂದೇ ಸಮ ಏರಿದರೆ ಅಲ್ಲ. ಘಾಟಿಯಲ್ಲಿ ನಮ್ಮ ಹುಡುಗನಿಗೆ ಗೊತ್ತಾಗಿದ್ದೂ ಹೀಗೇ, ಒಂದು ವಾರ ತಡವಾಗಿ.

1.5 ಟಿಎಸ್‌ಐ ತಗೊಂಡವರಿಗೆ ಇನ್ನೊಂದು ಚಂದದ ಗುರುತಿದೆ. ಅದು ಹೆಚ್ಚು ಭಾರ ಇಲ್ಲದಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ನಿಲ್ಲಿಸುತ್ತದೆ. ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ಓಡಿಸುವಾಗ ಮೀಟರಿನಲ್ಲಿ ಎರಡು ಸಿಲಿಂಡರ್ ಮೋಡ್ ಅಂತ ಬರುತ್ತದೆ. 1.0ದಲ್ಲಿ ಅದು ಬರೋದೇ ಇಲ್ಲ.

ಬೇರೆಯದೇ ಬಂದಿದ್ದರೆ

ಯಾರ್ಡಿನಲ್ಲೇ ಗೊತ್ತಾದರೆ ಜಗಳ ಬೇಡ. ಚಾಸಿ ನಂಬರ್, ಎಂಜಿನ್, ಚಕ್ರದ ಫೋಟೊ ತೆಗೆದು, ಬುಕಿಂಗ್ ಫಾರಂ ಜೊತೆ ಶೋರೂಮ್ ಮ್ಯಾನೇಜರಿಗೂ ಕಂಪನಿಯ ಗ್ರಾಹಕ ಸೇವೆಗೂ ಒಂದೇ ಇಮೇಲ್ ಕಳಿಸಿ: ಈ ಚಾಸಿ ನಂಬರಿನ ಕಾರು ನಾನು ಬುಕ್ ಮಾಡಿದ್ದಲ್ಲ, ಇದಕ್ಕೆ ಇನ್‌ವಾಯ್ಸ್ ಮಾಡಬೇಡಿ, ಸರಿಯಾದ್ದು ಯಾವಾಗ ಬರುತ್ತದೆ ತಿಳಿಸಿ. ಫೋನಿನಲ್ಲಿ ಸಿಹಿ ಮಾತಾಡಿದರೆ ಕೇಳಿ, ಆದರೆ ಉತ್ತರ ಇಮೇಲಿನಲ್ಲೇ ಕೇಳಿ. 'ಇದನ್ನೇ ತಗೊಳ್ಳಿ ಸರ್, ಐವತ್ತು ಸಾವಿರದ ಆಕ್ಸೆಸರಿ ಫ್ರೀ ಕೊಡ್ತೀವಿ' ಅನ್ನುತ್ತಾರೆ. ಸೀಟ್ ಕವರ್ ಹಾಕಿದರೆ ಘಾಟಿ ಹತ್ತುತ್ತಾ?

ಡೆಲಿವರಿ ನೋಟ್, ಗೇಟ್ ಪಾಸ್ ಯಾವುದಕ್ಕೂ ಸಹಿ ಹಾಕಬೇಡಿ. ನಂಬರ್ ಬಿದ್ದ ಮೇಲೆ ಗೊತ್ತಾಗಿದ್ದರೂ ದಾರಿ ಇದೆ, ಉದ್ದದ ದಾರಿ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಹಲವು ಸಲ ಇಲ್ಲೇ ಒಂದು ಮಟ್ಟಕ್ಕೆ ಬರುತ್ತದೆ. ಆಗಲಿಲ್ಲ ಅಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. 50 ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಆಯೋಗ ಸಾಕು. ಶೋರೂಮ್ ಬೆಂಗಳೂರಿನಲ್ಲಿದ್ದು ನೀವು ಹಾಸನದಲ್ಲಿದ್ದರೆ ಹಾಸನದಲ್ಲೇ ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಆದರೆ ಅಲ್ಲೂ ಮೊದಲು ಕೇಳೋದು ಬುಕಿಂಗ್ ಫಾರಂನಲ್ಲಿ ಏನಿದೆ ಅಂತಲೇ. ನಮ್ಮ ಹುಡುಗನ ಫಾರಂನಲ್ಲಿ ಎಂಜಿನ್ ಹೆಸರು ಇರಲಿಲ್ಲವಲ್ಲ, ಹಾಗಾಗಿ ಅವನು ದೂರಿಗೆ ಹೋಗಲೇ ಇಲ್ಲ. ಈಗಲೂ ಅದೇ ಕಾರು ಓಡಿಸುತ್ತಾನೆ, ಘಾಟಿ ಬಂದರೆ ಬಸ್ಸಿನ ಹಿಂದೆ.

ಎಲ್ಲ ಸರಿ ಹೋಗಿ ಕಾರು ಮನೆಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಆರ್‌ಸಿ ಕಾರ್ಡ್ ಬಂದ ದಿನ ಅದನ್ನು ಫಾರಂ 21ರ ಪಕ್ಕ ಇಟ್ಟು ಎಂಜಿನ್ ನಂಬರು, ಸಿಸಿ, ಶಕ್ತಿ, ತಯಾರಾದ ತಿಂಗಳು ಒಂದೊಂದಾಗಿ ಓದಿ. ಟೈಪ್ ಮಾಡುವಾಗ ಒಂದಂಕಿ ತಪ್ಪಿದ್ದರೆ ಆಗಲೇ ಶೋರೂಮಿನವರಿಗೆ ಹೇಳಿ ಆರ್‌ಟಿಒದಲ್ಲಿ ಸರಿ ಮಾಡಿಸಿಕೊಳ್ಳಿ. ಐದು ವರ್ಷ ಬಿಟ್ಟು ಮಾರೋಕೆ ಹೋದಾಗ ಕಂಡರೆ, ಆ ಸೇಲ್ಸ್ ಹುಡುಗ ಅಷ್ಟೊತ್ತಿಗೆ ಮೂರು ಕೆಲಸ ಬದಲಾಯಿಸಿರುತ್ತಾನೆ.